ನೇಕಾರನ ನೂಲು, ಗಾಳಗಾರನ ಹುರಿ

ಯಶವಂತಪುರದಿಂದ ಹೆಬ್ಬಾಳಕ್ಕೂ, ಹೆಬ್ಬಾಳದಿಂದ ಯಲಹಂಕಕ್ಕೂ, ಅಲ್ಲಿಂದ ಮುಂದೆ ದೊಡ್ಡಬಳ್ಳಾಪುರದವರೆಗೂ ಸಾಗುವವನಿಗೆ ದಾರಿಯುದ್ದಕ್ಕೂ ಎರಡು ವಸ್ತುಗಳು ಜೊತೆ ಬಿಡದೆ ಬರುತ್ತವೆ. ಒಂದು ಕೆರೆಯ ನೀರು; ಮತ್ತೊಂದು ನೂಲು. ಹೆಬ್ಬಾಳ, ನಾಗವಾರ, ರಾಚೇನಹಳ್ಳಿ, ಜಕ್ಕೂರು, ಪುಟ್ಟೇನಹಳ್ಳಿ, ಯಲಹಂಕ ಎಂದು ಕೆರೆಗಳ ಹೆಸರನ್ನು ಎಣಿಸುತ್ತ ಹೋಗುವಷ್ಟರಲ್ಲಿಯೇ ಯಲಹಂಕದ ಹಳೆಯ ಊರಿನ ಓಣಿಗಳಲ್ಲಿ ವಿದ್ಯುನ್ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ದೊಡ್ಡಬಳ್ಳಾಪುರವಂತೂ ಮಗ್ಗದಿಂದಲೇ ಬದುಕಿದ ಊರು. ಈ ಪ್ರಾಂತದಲ್ಲಿ ಇಂದು ಕೆಲವು ಮನೆಗಳ ಜಗಲಿಯ ಮೇಲೆ, ಭಾನುವಾರದ ಹಿಂದಿನ ಸಂಜೆ, ತರುಣರು ಕೂತು ಸ್ಪಿನ್ನಿಂಗ್ ರೀಲಿನ ಬುರುಡೆಗೆ ಹೆಣೆದ ಹುರಿಯನ್ನು ಸುತ್ತಿಕೊಳ್ಳುತ್ತಾರೆ. ನೋಡುವವರಿಗೆ ಅದು ನಿನ್ನೆ ಮೊನ್ನೆ ಪರದೇಶದಿಂದ ಬಂದ ಹವ್ಯಾಸದಂತೆ ತೋರಬಹುದು. ಆದರೆ ಆ ಬುರುಡೆಯ ಚರಿತ್ರೆಯನ್ನೂ ಹುರಿಯ ಚರಿತ್ರೆಯನ್ನೂ ಸ್ವಲ್ಪ ಹಿಂದಕ್ಕೆ ಬಿಚ್ಚುತ್ತ ಹೋದರೆ, ಅವೆರಡೂ ಮೀನುಗಾರಿಕೆಯ ಚರಿತ್ರೆಗಿಂತ ಹೆಚ್ಚಾಗಿ ನೇಯ್ಗೆಯ ಚರಿತ್ರೆಗೆ ಸೇರಿದವುಗಳೆಂದು ನನ್ನ ಅಭಿಪ್ರಾಯ. ಮೀನು ಹಿಡಿಯುವವನು ತನ್ನ ಸಾಧನವನ್ನು ಪ್ರತಿ ಯುಗದಲ್ಲಿಯೂ ನೂಲುವವನ ಮನೆಯಿಂದಲೇ ಎರವಲು ತಂದಿದ್ದಾನೆ.

ಹೆಬ್ಬಾಳದ ಪ್ರಾಚೀನತೆ ಬೆಂಗಳೂರು ಪೇಟೆಯದಕ್ಕಿಂತ ಹಳೆಯದು. ಗಂಗರ ಶ್ರೀಪುರುಷನ ಆಳ್ವಿಕೆಗೆ ಸೇರಿದ, ಕ್ರಿ.ಶ. 750ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿರುವ, ಕಿತ್ತಯ್ಯನೆಂಬ ವೀರನ ಕಲ್ಲು ಅಲ್ಲಿಯೇ ದೊರೆತಿದೆ. ಕೆರೆಯನ್ನು ಮಾತ್ರ ಯಲಹಂಕದ ನಾಡಪ್ರಭುಗಳ ಕಾಲಕ್ಕೆ, 1537ರಲ್ಲಿ ಪೇಟೆಯನ್ನು ಕಟ್ಟಿದ ಕೆಂಪೇಗೌಡನ ಹೆಸರಿಗೆ, ಸೇರಿಸಿ ಹೇಳುವುದು ರೂಢಿ. ಜೀವನದಿಯಿಲ್ಲದ ಈ ಎತ್ತರದ ಭೂಮಿಯಲ್ಲಿ ಮಳೆಯ ನೀರನ್ನು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಕೋಡಿಯ ಮೂಲಕ ಇಳಿಸುತ್ತ ಹೋಗುವ ಸರಪಳಿಯನ್ನು ಹಿಂದಿನವರು ಕಟ್ಟಿದರು. ಮುಂಗಾರಿನಲ್ಲಿ ಕೋಡಿ ಬಿದ್ದಾಗ ಹರಿಯುವ ನೀರಿಗೆ ಎದುರಾಗಿ ಮೀನು ಹತ್ತುತ್ತದೆ. ಆ ಹೊತ್ತಿನಲ್ಲಿ ಕೂಳಿ, ಬುಟ್ಟಿ, ಸೆರಗು, ಕೈಗೆ ಸಿಕ್ಕಿದ್ದೆಲ್ಲವೂ ಬಲೆಯೇ. ಗಾಳವಾದರೋ ಬಿಡುವಿನ ಕಾಲದ ಸಾಧನ. ಬೇಸಗೆಯಲ್ಲಿ ನೀರು ತಗ್ಗಿ, ಕೊರವ, ಚೇಳುಮೀನು ಮುಂತಾದವು ಕೆಸರಿನ ಹೊಂಡಗಳನ್ನು ಹಿಡಿದು ನಿಂತಾಗ, ಒಂದು ಬಿದಿರುಕಡ್ಡಿ, ಒಂದು ಬೆಂಡು, ಒಂದು ಎರೆಹುಳು, ಕಡ್ಡಿಯಷ್ಟೇ ಉದ್ದದ ದಾರ. ಆ ದಾರ ಸೆಣಬಿನದೋ ಕತ್ತಾಳೆಯದೋ ಹತ್ತಿಯದೋ ಆಗಿರುತ್ತಿತ್ತು. ನೀರಿನಲ್ಲಿ ಬೇಗ ಕೊಳೆಯದಿರಲೆಂದು ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುವುದು ಬಲೆಗಾರರೆಲ್ಲರಿಗೂ ತಿಳಿದ ಉಪಾಯ. ಅದನ್ನು ತೊಡೆಯ ಮೇಲೆ ಹೊಸೆಯುತ್ತಿದ್ದರು. ಹೊಸೆದ ಹುರಿಗೆ ಒಂದು ಸ್ವಭಾವದೋಷವಿದೆ: ಭಾರ ಬಿದ್ದೊಡನೆ ತನ್ನ ಹೊಸೆತವನ್ನು ಬಿಚ್ಚಿಕೊಳ್ಳಲು ತಾನೇ ತಿರುಗತೊಡಗುತ್ತದೆ, ಭಾರ ಇಳಿದೊಡನೆ ಕುಗ್ಗಿ ಗಂಟಾಗುತ್ತದೆ. ಕಡ್ಡಿಯ ತುದಿಗೆ ಕಟ್ಟಿದ ನಾಲ್ಕು ಮೊಳದ ದಾರದಲ್ಲಿ ಇದು ಲೆಕ್ಕಕ್ಕಿಲ್ಲ. ದಾರ ಉದ್ದವಾಗಿ, ಅದನ್ನು ಸುತ್ತಿಡಲು ಗಾಲಿಯೊಂದು ಬಂದ ಮೇಲೆ ಇದೇ ದೊಡ್ಡ ಪ್ರಶ್ನೆಯಾಯಿತು.

ಗಾಳವನ್ನು ಹೊಟ್ಟೆಪಾಡಿನಿಂದ ಬೇರ್ಪಡಿಸಿ ವಿನೋದವೆಂದು ಕರೆದು, ಅದಕ್ಕೆ ಶಾಸ್ತ್ರದ ಗೌರವವನ್ನು ಕೊಟ್ಟವರು ಆಂಗ್ಲರೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, ಭೂಲೋಕಮಲ್ಲನೆಂಬ ಬಿರುದನ್ನು ಹೊತ್ತವನು, 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವನ್ನು ಇವರು ಕಂಡಿಲ್ಲ. ಅಭಿಲಷಿತಾರ್ಥಚಿಂತಾಮಣಿ ಎಂಬ ಇನ್ನೊಂದು ಹೆಸರೂ ಇರುವ, ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿಕೊಂಡಿರುವ ಆ ಸಂಸ್ಕೃತ ಗ್ರಂಥದಲ್ಲಿ ಆನೆ, ಕುದುರೆ, ಅಡುಗೆ, ಸಂಗೀತ, ಚಿತ್ರಕಲೆಗಳ ಸಾಲಿನಲ್ಲಿಯೇ ಮತ್ಸ್ಯವಿನೋದಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. ಸಮುದ್ರದ ಮೀನು, ನದಿಯ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು ಎಂದು ಮೀನುಗಳನ್ನು ವಿಂಗಡಿಸಿ, ಯಾವುದಕ್ಕೆ ಯಾವ ಮೇವು, ಮೇವು ಹಾಕಿ ಮೀನನ್ನು ಒಂದು ಸ್ಥಳಕ್ಕೆ ಒಗ್ಗಿಸಿಕೊಳ್ಳುವ ಬಗೆ ಹೇಗೆ, ಕೋಲು ಹೇಗಿರಬೇಕು, ಹುರಿ ಹೇಗಿರಬೇಕು, ಗಾಳ ಹೇಗಿರಬೇಕು ಎಂದು ರಾಜನು ನಿಧಾನವಾಗಿ ವಿವರಿಸುತ್ತಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿಜ್ಞಾನಲೋಕದ ಗಮನಕ್ಕೆ ತಂದರು. ಅರಸನಿಗೆ ಗಾಳ ಮನಸ್ಸಿನ ಉಲ್ಲಾಸ. ಅದೇ ಶತಮಾನದಲ್ಲಿ, ಅದೇ ಕಲ್ಯಾಣದ ಸೀಮೆಯಲ್ಲಿ, ದೋಣಿ ನಡೆಸುತ್ತ ವಚನ ಕಟ್ಟಿದ ಅಂಬಿಗರ ಚೌಡಯ್ಯನಿಗೆ ನೀರೆಂದರೆ ಕಾಯಕ. ಇಬ್ಬರನ್ನೂ ಒಂದೇ ದಡದಲ್ಲಿ ನಿಲ್ಲಿಸಿ ನೋಡಬೇಕೆಂಬ ಆಸೆ ನನಗೆ ಒಮ್ಮೊಮ್ಮೆ ಆಗುತ್ತದೆ. ಚೌಡಯ್ಯನ ನಾಲಗೆಯನ್ನು ಬಲ್ಲವರಿಗೆ ಆ ಭೇಟಿ ಚಕ್ರವರ್ತಿಗೆ ಸುಖಕರವಾಗುತ್ತಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇತ್ತ ಯೂರೋಪಿನಲ್ಲಿ ಬಹುಕಾಲ ಕುದುರೆಯ ಬಾಲದ ಕೂದಲನ್ನು ಹೊಸೆದು ಗಂಟುಹಾಕಿದ್ದೇ ಹುರಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ರೇಷ್ಮೆ ಆ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. ಹೊಸೆಯುವುದರ ಬದಲು ಹೆಣೆಯುವ ಯಂತ್ರ ಆಗಲೇ ಲೇಸು, ಕಸೆ, ಚಾವಟಿಗಳ ಕಾರ್ಖಾನೆಗಳಲ್ಲಿ ನಡೆಯುತ್ತಿತ್ತು. ಅದೇ ಯಂತ್ರಕ್ಕೆ ರೇಷ್ಮೆಯನ್ನು ಕೊಟ್ಟು ತೆಗೆದದ್ದು ಹೆಣೆದ ರೇಷ್ಮೆ ಹುರಿ. ಎಳೆಗಳು ಒಂದನ್ನೊಂದು ಎರಡು ದಿಕ್ಕಿನಿಂದ ಹಿಡಿದುಕೊಂಡಿರುವುದರಿಂದ ಭಾರ ಬಿದ್ದಾಗ ಅದು ತಿರುಗದು. ನಮ್ಮ ಊರುಗಳ ಜಡೆ ಕೋಲಾಟವನ್ನು ಕಂಡವರಿಗೆ ಆ ಯಂತ್ರದ ಮರ್ಮ ಹೇಳದೆಯೇ ತಿಳಿಯುತ್ತದೆ: ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ, ಒಬ್ಬರ ಮುಂದೆ ಹಾದು ಮತ್ತೊಬ್ಬರ ಹಿಂದೆ ನುಸುಳುತ್ತ ಸುತ್ತಿದರೆ ಮೇಲಿನಿಂದ ಇಳಿಬಿಟ್ಟ ಹಗ್ಗಗಳು ತಾವಾಗಿಯೇ ಜಡೆಯಾಗುತ್ತವೆ, ಯಂತ್ರದಲ್ಲಿ ಆಟಗಾರರ ಸ್ಥಾನದಲ್ಲಿ ನೂಲಿನ ಕಂಡಿಕೆಗಳಿವೆ, ಅಷ್ಟೇ.

ರೇಷ್ಮೆಯಿಂದ ಇನ್ನೊಂದು ವಸ್ತುವೂ ಬಂತು. ಅದರ ಕಥೆಯನ್ನು ಶಿಡ್ಲಘಟ್ಟದ ಕಡೆಯ ಹುಳು ಸಾಕುವವರಿಗೆ ಹೇಳಿದರೆ ಅವರು ಬೆಚ್ಚಿಬೀಳುವುದು ಸಹಜ. ಹುಳು ಹಣ್ಣಾಗಿ, ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟಲು ಸಿದ್ಧವಾಗಿ ನಿಂತ ಗಳಿಗೆಯಲ್ಲಿ, ಸ್ಪೇನ್ ದೇಶದ ಮುರ್ಸಿಯಾ ಪ್ರಾಂತದವರು ಅದನ್ನು ಹುಳಿನೀರಿನಲ್ಲಿ ಅದ್ದಿ ಕೊಂದು, ಒಡಲೊಳಗಿನ ರೇಷ್ಮೆಯ ಗ್ರಂಥಿಗಳನ್ನು ಹೊರತೆಗೆದು, ಎರಡು ಕೈಗಳಿಂದ ಎಳೆದು ಒಂದೇ ಗಟ್ಟಿ ತಂತಿಯಾಗಿ ಮಾಡುತ್ತಿದ್ದರು. ಸಾವಿರ ಗಜದ ಗೂಡಾಗಬೇಕಾಗಿದ್ದ ದ್ರವ್ಯ ಒಂದು ಮೊಳದಷ್ಟು ಪಾರದರ್ಶಕ ತಂತುವಿನಲ್ಲಿ ಮುಗಿದುಹೋಗುತ್ತಿತ್ತು. ಗಾಳಕ್ಕೂ ಹುರಿಗೂ ನಡುವೆ ಕಟ್ಟುವ ಅದೃಶ್ಯ ಕೊಂಡಿಯೆಂದು ಪ್ರಪಂಚದ ಗಾಳಗಾರರು ಅದನ್ನು ದುಬಾರಿ ಬೆಲೆಗೆ ಕೊಳ್ಳುತ್ತಿದ್ದರು. ಗೂಡನ್ನು ಕುದಿಯುವ ನೀರಿನಲ್ಲಿ ಹಾಕಿ ನೂಲು ಬಿಚ್ಚುವ ನಾವು ಹಿಂಸೆಯ ಮಾತನ್ನು ಎತ್ತುವಂತಿಲ್ಲ. ಆದರೆ ನೂಲಿನ ಲೆಕ್ಕದಲ್ಲಿ ಇದು ದುಂದು ಎಂದು ಯಾವ ಬಿಚ್ಚಣಿಕೆಗಾರನೂ ಹೇಳಿಯಾನು.

ಕನ್ನಡ ನಾಡಿನ ರೇಷ್ಮೆ ಈ ದಾರಿಯನ್ನು ಹಿಡಿಯಲಿಲ್ಲ. ಟಿಪ್ಪು ಬಂಗಾಳದಿಂದ ಹುಳುವನ್ನು ತರಿಸಿ ಬೇರೂರಿಸಿದ ಕಸಬು, 1800ರಲ್ಲಿ ಸಮೀಕ್ಷಕ ಬುಕನನ್ ಬಂದು ಬೆಂಗಳೂರಿನ ಪಟ್ಟೆಗಾರ, ಖತ್ರಿ, ದೇವಾಂಗ, ತೊಗಟ ನೇಕಾರರ ಮಗ್ಗಗಳನ್ನು ಬರೆದಿಟ್ಟ ಕಸಬು, 1912ರಲ್ಲಿ ಮೈಸೂರಿನಲ್ಲಿ ಸರ್ಕಾರದ ನೇಯ್ಗೆ ಕಾರ್ಖಾನೆಯಾಗಿ ಬೆಳೆದ ಕಸಬು, ಎಲ್ಲವೂ ಸೀರೆಯ ಕಡೆಗೆ ಮುಖಮಾಡಿದ್ದವು. ಎರಡನೆಯ ಮಹಾಯುದ್ಧದಲ್ಲಿ ಸ್ವಲ್ಪ ಕಾಲ ಪ್ಯಾರಾಶೂಟಿನ ಕಡೆಗೆ ತಿರುಗಿದ್ದೇ ಅಪವಾದ. ಹೀಗಾಗಿ ಮೈಸೂರು ಸೀಮೆಯ ದೊರೆಗಳು ಕಾವೇರಿ, ಕಬಿನಿಗಳಲ್ಲಿ ಬಿಳಿಮೀನಿಗೆ, ಎಂದರೆ ಮಹಶೀರಿಗೆ, ಗಾಳ ಹಾಕಿದಾಗ ಬಳಸಿದ ಹುರಿ ಹಡಗಿನಲ್ಲಿ ಬಂದದ್ದು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ತನ್ನ ‘ದಿ ರಾಡ್ ಇನ್ ಇಂಡಿಯಾ’ವನ್ನು ಮಂಗಳೂರಿನಲ್ಲಿ 1873ರಲ್ಲಿ ಅಚ್ಚುಹಾಕಿಸಿದ ಮೇಲೆ ಈ ಬೇಟೆಗೆ ಒಂದು ಪಠ್ಯಗ್ರಂಥವೂ ದೊರೆಯಿತು. ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡು, ಸುಮಾರು 54 ಕಿಲೋ ತೂಗಿತು. ಅಂಥ ಮೀನು ಬಂಡೆಗಳ ನಡುವೆ ನೂರಾರು ಗಜ ಓಡುವಾಗ ಹುರಿ ಹೊರಡುವ ಗಾಲಿ ತಾನೂ ತಿರುಗುತ್ತದೆ. ಇದು ಹಳೆಯ ವಿಧಾನ; ನಮ್ಮ ಬಾವಿಯ ರಾಟೆಯ ವಿಧಾನ. ಭಾರವಾದ ಎರೆಯನ್ನು ಎಸೆಯುವುದಕ್ಕೆ ಅದು ಸಾಕು. ಹಗುರವಾದುದನ್ನು ಎಸೆದರೆ ನಿಂತ ಗಾಲಿಯನ್ನು ತಿರುಗಿಸುವಷ್ಟು ಬಲವೇ ಎರೆಗೆ ಇರುವುದಿಲ್ಲ.

ಈ ತೊಡಕನ್ನು ಬಿಡಿಸಿದವನು ಒಬ್ಬ ಗಿರಣಿಯ ಯಜಮಾನ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನಲ್ಲಿ ಉಣ್ಣೆಯ ಗಿರಣಿಯನ್ನು ನಡೆಸುತ್ತಿದ್ದ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಹೊಸ ಬಗೆಯ ರೀಲಿಗೆ ಹಕ್ಕುಪತ್ರ ಪಡೆದನು. ತನ್ನ ಗಿರಣಿಯಲ್ಲಿ ದಿನವೂ ಕಂಡದ್ದನ್ನೇ ಆತ ನೀರಿನ ದಡಕ್ಕೆ ತಂದನು: ಕಂಡಿಕೆ ತಿರುಗಬೇಕಾಗಿಲ್ಲ, ಅದರ ತುದಿಯ ಮೇಲಿನಿಂದ ನೂಲು ಸುರುಳಿಸುರುಳಿಯಾಗಿ ಜಾರಿ ಹೋಗಬಲ್ಲದು. ಯಲಹಂಕದ ಯಾವ ವಿದ್ಯುನ್ಮಗ್ಗದ ಲಾಳಿಯನ್ನು ಬಿಡಿಸಿ ನೋಡಿದರೂ ಈ ತತ್ತ್ವ ಕಣ್ಣಿಗೆ ಬೀಳುತ್ತದೆ. ಒಳಗಿನ ಕಂಡಿಕೆ ಕದಲದೆ ಕೂತಿರುತ್ತದೆ, ಹೊಕ್ಕಿನ ನೂಲು ಅದರ ಮೂತಿಯ ಮೇಲಿನಿಂದ ಹೊರಟುಹೋಗುತ್ತದೆ. 1884ರಲ್ಲಿ ಸ್ಥಾಪಿತವಾಗಿ ಮುಂದೆ ಬಿನ್ನಿ ಗಿರಣಿಯೆಂದು ಹೆಸರಾದ ನಮ್ಮ ಬೆಂಗಳೂರು ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯಲ್ಲಿ ಸಾವಿರಾರು ಜನ ಅದೇ ದೃಶ್ಯವನ್ನು ಅದೇ ಕಾಲದಲ್ಲಿ ನೋಡುತ್ತಿದ್ದರು. ಅವರಿಗೆ ನದಿಯ ದಡದಲ್ಲಿ ಕಳೆಯುವ ಬಿಡುವು ಇರಲಿಲ್ಲವೆಂಬುದನ್ನು ಬಿಟ್ಟರೆ ಆ ಉಪಜ್ಞೆ ಇಲ್ಲಿಯೇ ಹುಟ್ಟಬಾರದೆಂಬುದಕ್ಕೆ ಕಾರಣ ಕಾಣೆ. ಇಲ್ಲಿಂಗ್‌ವರ್ತನ ರೀಲಿನಲ್ಲಿ ಎಸೆಯುವಾಗ ಬುರುಡೆ ನಿಂತೇ ಇರುತ್ತದೆ. ಹಿಂದಕ್ಕೆ ಎಳೆದುಕೊಳ್ಳುವಾಗ ಒಂದು ಬಾಗಿದ ತಂತಿ ಬುರುಡೆಯ ಸುತ್ತ ಪ್ರದಕ್ಷಿಣೆ ಹಾಕುತ್ತ ಹುರಿಯನ್ನು ಸುತ್ತುತ್ತದೆ. ಒಂದು ಪ್ರದಕ್ಷಿಣೆಗೆ ಒಂದು ತಿರುಚು ಹುರಿಯಲ್ಲಿ ಸೇರುತ್ತದೆ. ಎಸೆದಾಗ ಅದು ಬಿಚ್ಚಿಹೋಗುತ್ತದೆ.

ಆದರೆ ರೇಷ್ಮೆಗೂ ಈ ಹೊಸ ಬುರುಡೆಗೂ ಪೂರ್ಣ ಸಾಮರಸ್ಯ ಕೂಡಲಿಲ್ಲ. ರೇಷ್ಮೆ ನೀರು ಕುಡಿಯುತ್ತದೆ. ಪ್ರತಿ ಸಂಜೆ ಅದನ್ನು ಬಿಚ್ಚಿ, ನೆರಳಿನಲ್ಲಿ ಒಣಗಿಸಿ, ಎಣ್ಣೆ ಸವರಿ ಮತ್ತೆ ಸುತ್ತಬೇಕು; ಮರೆತರೆ ಒಂದು ಋತುವಿನಲ್ಲಿ ಮುಗ್ಗಿ ಹರಿಯುತ್ತದೆ. ಅಮೆರಿಕೆಯ ಡ್ಯುಪಾಂಟ್ ಸಂಸ್ಥೆ 1938ರ ಅಕ್ಟೋಬರಿನಲ್ಲಿ ನೈಲಾನನ್ನು ಪ್ರಕಟಿಸಿದ ಮೇಲೆ, ಒಂದೇ ಗಟ್ಟಿ ಎಳೆಯ, ಕೊಳೆಯದ, ಅಗ್ಗದ ಹುರಿ ಎಲ್ಲರ ಕೈಗೂ ಎಟುಕಿತು. ಮುರ್ಸಿಯಾದ ಹುಳುತಂತುವಿನ ಕಸಬು ಅಲ್ಲಿಗೆ ಅಳಿಯಿತು. ನಮ್ಮ ಕೆರೆಯಂಗಳದ ಸೆಣಬಿನ ದಾರವೂ ಕೆಲವು ದಶಕಗಳಲ್ಲಿ ಅಳಿಯಿತು. ಹೆಣಿಗೆಯ ಹುರಿ ಮೂಲೆಗೆ ಸರಿಯಿತು. ಅದು ಮರಳಿ ಬಂದದ್ದು ಹಾಲೆಂಡಿನ ಡಿಎಸ್‌ಎಂ ಪ್ರಯೋಗಶಾಲೆಯ ದಾರಿಯಾಗಿ. ಹಾಲಿನ ಪೊಟ್ಟಣದ ಪಾಲಿಥೀನಿನ ಕುಲಕ್ಕೇ ಸೇರಿದ, ಆದರೆ ಅಣುಸರಪಳಿ ಅತಿ ದೀರ್ಘವಾಗಿರುವ ದ್ರವ್ಯವನ್ನು ದ್ರಾವಕದಲ್ಲಿ ಕರಗಿಸಿ, ಲೋಳೆಯ ಸ್ಥಿತಿಯಲ್ಲಿ ಎಳೆ ತೆಗೆದು, ಆ ಎಳೆಯನ್ನು ಬಿಸಿಯಲ್ಲಿ ಹಲವು ಪಟ್ಟು ಹಿಗ್ಗಿಸಿದರೆ ಒಳಗಿನ ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಮಲಗಿ ತೂಕಕ್ಕೆ ತೂಕ ಉಕ್ಕನ್ನು ಮೀರಿಸುವ ತಂತುವಾಗುತ್ತದೆಂದು ಪಾಲ್ ಸ್ಮಿತ್, ಪೀಟ್ ಲೆಮ್‌ಸ್ಟ್ರಾ ಎಂಬುವರು 1970ರ ದಶಕದ ಕೊನೆಯಲ್ಲಿ ತೋರಿಸಿದರು. ಗುಂಡುನಿರೋಧಕ ಕವಚಕ್ಕೆ ಹೋದ ಆ ನೂಲು 1990ರ ದಶಕದಲ್ಲಿ ಹೆಣಿಗೆಯ ಯಂತ್ರಕ್ಕೂ ಬಂತು; ನಾಲ್ಕು ಎಳೆಯದೋ ಎಂಟು ಎಳೆಯದೋ ಜಡೆಯಾಗಿ ರೀಲಿನ ಬುರುಡೆಯನ್ನು ಸೇರಿತು. ಬಣ್ಣಗಾರರಿಗೆ ಮಾತ್ರ ಇದರಲ್ಲಿ ಸೋಲು: ರೇಷ್ಮೆ ಬಣ್ಣವನ್ನು ಒಡಲಿಗೆ ತೆಗೆದುಕೊಳ್ಳುತ್ತದೆ, ಇದು ಮೈಮೇಲೆ ಹಚ್ಚಿಕೊಂಡು ಕೆಲವು ತಿಂಗಳಲ್ಲಿ ಕಳೆದುಕೊಳ್ಳುತ್ತದೆ.

ಹುರಿ ಬದಲಾಗುವಷ್ಟರಲ್ಲಿ ಮೀನೂ ನೀರೂ ಬದಲಾಗಿದ್ದವು. ಹೀರಾಲಾಲ್ ಚೌಧುರಿಯವರು 1957ರಲ್ಲಿ ಒರಿಸ್ಸಾದಲ್ಲಿ ಪ್ರೇರಿತ ಸಂತಾನೋತ್ಪತ್ತಿಯನ್ನು ಸಾಧಿಸಿದ ಮೇಲೆ ಗಂಗೆಯ ಕಾಟ್ಲ, ರೋಹು, ಮೃಗಾಲ್‌ಗಳ ಮರಿಗಳು ದೇಶದ ಕೆರೆಕೆರೆಗೂ ಸಾಗಿದವು. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕದ ತಿಲಾಪಿಯ ನಮ್ಮಲ್ಲಿ ‘ಜಿಲೇಬಿ’ ಎಂದು ನಾಮಕರಣ ಮಾಡಿಸಿಕೊಂಡು ಊರಿನದೇ ಆಗಿಹೋಯಿತು. ಹೆಸರಘಟ್ಟದಲ್ಲಿ, ಅರ್ಕಾವತಿಗೆ 1894ರಲ್ಲಿ ಕಟ್ಟಿದ ಜಲಾಶಯದ ಆಸುಪಾಸಿನಲ್ಲಿ, ಮತ್ಸ್ಯಕೃಷಿಯ ಸಂಶೋಧನೆಗೆ ಕೇಂದ್ರವಾಯಿತು. ಹೆಬ್ಬಾಳದಲ್ಲಿಯೂ ಮೀನುಗಾರಿಕೆಯ ಸಂಶೋಧನ ಕೇಂದ್ರವೊಂದಿದೆ. ಜಕ್ಕೂರು ಕೆರೆಗೆ ಇಂದು ಇಳಿಯುವುದು ಹೆಚ್ಚಾಗಿ ಶುದ್ಧೀಕರಿಸಿದ ಬಳಕೆಯ ನೀರು. ಹೆಬ್ಬಾಳ–ನಾಗವಾರ ಕಣಿವೆಯ ನೀರನ್ನು ಕೊಳವೆಯಲ್ಲಿ ಏರಿಸಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ತುಂಬುತ್ತಿರುವರು. ಇಲ್ಲಿನ ಹವ್ಯಾಸಿಗಳಿಗೆ ದೂರದ ಆಕರ್ಷಣೆಯಾಗಿದ್ದ ಕಾವೇರಿಯ ಬಿಳಿಮೀನಿನ ಗಾಳವೂ, ಸಂಗಮ, ಭೀಮೇಶ್ವರಿಗಳಲ್ಲಿ ಹಿಡಿದು ಬಿಡುವ ಪದ್ಧತಿಯಿಂದ ದಶಕಗಳ ಕಾಲ ನಡೆದು, ಅಭಯಾರಣ್ಯದ ಕಾನೂನಿನ ಬಿಗಿಯಲ್ಲಿ ಈ ಶತಮಾನದ ಎರಡನೆಯ ದಶಕದ ಆರಂಭಕ್ಕೆ ನಿಂತುಹೋಯಿತು. ಆ ಮೀನಿಗೆ ‘ಟಾರ್ ರೇಮಾದೇವಿ’ ಎಂಬ ಸರಿಯಾದ ಶಾಸ್ತ್ರನಾಮ 2018ರಲ್ಲಿ ಖಚಿತವಾದದ್ದೂ, ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿದ್ದೂ ಚರಿತ್ರೆಯ ಒಂದು ಕಹಿ ಹಾಸ್ಯ. ಇನ್ನು ಕೆರೆಯಂಚಿನಲ್ಲಿ ಕತ್ತರಿಸಿ ಎಸೆದ ತುಂಡುಗಳ ಮಾತು: ರೇಷ್ಮೆ ಕೊಳೆತು ಮಣ್ಣಾಗುತ್ತಿತ್ತು, ಈ ನೂಲು ಹೆಜ್ಜಾರ್ಲೆಯ ಕಾಲಿಗೆ ಸುತ್ತಿಕೊಂಡರೆ ಹಕ್ಕಿ ಸತ್ತ ಮೇಲೂ ಹಾಗೆಯೇ ಉಳಿಯುತ್ತದೆ. ತುಂಡನ್ನು ಜೇಬಿಗೆ ಹಾಕಿಕೊಂಡು ಬರುವುದು ದೊಡ್ಡ ಶ್ರಮವೇನೂ ಅಲ್ಲ.

ಈಗ ಜಗಲಿಯ ಮೇಲಿನ ಕೆಲಸಕ್ಕೆ ಬರೋಣ. ಜಪಾನಿನವರು ಈ ಹುರಿಯ ದಪ್ಪಕ್ಕೆ ಅಂಕಿಗಳನ್ನು ಕೊಟ್ಟಿದ್ದಾರೆ. ಅವರ 1ನೆಯ ಅಂಕಿಯ ಹುರಿ 200 ಡೆನಿಯರಿನದು. ಡೆನಿಯರೆಂದರೆ ರೇಷ್ಮೆಯ ಅಳತೆ: 9000 ಮೀಟರು ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು. ಶಿಡ್ಲಘಟ್ಟದ ಬಿಚ್ಚಣಿಕೆಯ ಮನೆಯಲ್ಲಿ 20/22 ಡೆನಿಯರಿನ ಕಚ್ಚಾರೇಷ್ಮೆಯ ಮಾತು ದಿನನಿತ್ಯದ್ದು. ಅಂಥ ಹತ್ತು ನೂಲುಗಳ ತೂಕ ಈ ಒಂದು ಹುರಿಗೆ. ಲೆಕ್ಕ ಹಾಕಿದರೆ 150 ಮೀಟರು ಹುರಿ ಮೂರೂಕಾಲು ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಇಷ್ಟು ಸಣ್ಣದಾದ, ಮೇಣದಂತೆ ನುಣುಪಾದ ವಸ್ತುವನ್ನು ನಯವಾದ ಲೋಹದ ಬುರುಡೆಗೆ ನೇರವಾಗಿ ಕಟ್ಟಿದರೆ, ಗಂಟು ಎಷ್ಟೇ ಬಿಗಿಯಾಗಿದ್ದರೂ, ಸುತ್ತಿದ ಹುರಿಯೆಲ್ಲವೂ ಒಂದು ಮುದ್ದೆಯಾಗಿ ಬುರುಡೆಯ ಮೇಲೆ ಗರಗರನೆ ಜಾರುತ್ತದೆ. ಮೀನು ಎಳೆಯುತ್ತಿರುವಾಗ ಹಿಡಿ ತಿರುಗಿಸಿದವನಿಗೆ ರೀಲೇ ಕೆಟ್ಟಿತೆಂಬ ಭ್ರಮೆಯಾಗುತ್ತದೆ. ಆದಕಾರಣ ಬಲ್ಲವರು ಮೊದಲು ಕೆಲವು ಸುತ್ತು ನೈಲಾನನ್ನೋ, ಅಂಟುಪಟ್ಟಿಯ ಒಂದು ಪದರವನ್ನೋ ಹಾಕಿ, ಅದರ ಮೇಲೆ ಹೆಣೆದ ಹುರಿಯನ್ನು ಕೂರಿಸುತ್ತಾರೆ.

ಅನಂತರದ ಗುಟ್ಟೆಲ್ಲವೂ ಬಿಗಿಯಲ್ಲಿದೆ. ಅಂಗಡಿಯಿಂದ ತಂದ ಉರುಳೆಯನ್ನು ಒಂದು ಪೆನ್ಸಿಲಿಗೋ ಕಡ್ಡಿಗೋ ಪೋಣಿಸಿ ತಿರುಗುವಂತೆ ಹಿಡಿಯಬೇಕು. ಹುರಿ ಕೋಲಿನ ಮೊದಲ ಬಳೆಯನ್ನು ಹಾಯ್ದು ಬರಬೇಕು. ನಡುವೆ ಒದ್ದೆ ಬಟ್ಟೆಯಲ್ಲಿ ಅದನ್ನು ಬೆರಳಿನಿಂದ ಒತ್ತಬೇಕು. ಬಟ್ಟೆಯಿಲ್ಲದೆ ಒತ್ತಿದವನ ಬೆರಳನ್ನು ಅದು ಕುಯ್ಯುತ್ತದೆ. ಸಡಿಲವಾಗಿ ಸುತ್ತಿದರೆ ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ಸಂದಿಗೆ ಹೂತುಹೋಗುತ್ತದೆ. ಮುಂದಿನ ಎಸೆತದಲ್ಲಿ ಅದು ಅಲ್ಲಿಯೇ ಸಿಕ್ಕಿಕೊಂಡು, ಹುರಿ ಕಡಿದು ಎರೆ ಮಾತ್ರ ದೂರ ಹಾರುತ್ತದೆ. ಎಸೆಯುವಾಗ ಗುಂಪುಗುಂಪಾಗಿ ಹೊರಬಂದು ಕಾಗೆಗೂಡಿನಂತೆ ಗಂಟಾಗುವುದಕ್ಕೂ ಮೂಲ ಈ ಸಡಿಲವೇ, ಇಲ್ಲವೇ ಲೋಭ: ಬುರುಡೆಯ ಅಂಚಿನವರೆಗೂ ತುಂಬಿದರೆ ಸುರುಳಿಗಳು ತಾವಾಗಿ ಕಳಚಿ ಬೀಳುತ್ತವೆ, ತೀರ ಕಡಿಮೆ ತುಂಬಿದರೆ ಅಂಚಿಗೆ ಉಜ್ಜಿಕೊಂಡು ಎಸೆತ ಕುಗ್ಗುತ್ತದೆ. ಅಂಚಿಗೆ ಒಂದೆರಡು ಮಿಲಿಮೀಟರು ಉಳಿಸುವುದು ವಾಡಿಕೆ. ಕಂಡಿಕೆ ಸುತ್ತುವ ನೇಕಾರರ ಮನೆಯಲ್ಲಿ ಬೆಳೆದವರಿಗೆ ಇದಾವುದನ್ನೂ ಕಲಿಸಬೇಕಾಗಿಲ್ಲ. ಸಡಿಲ ಕಂಡಿಕೆ ಲಾಳಿಯಲ್ಲಿ ಜಾರಿ ನೂಲು ಕಡಿಯುವುದನ್ನು, ತುಂಬಿದ ಕಂಡಿಕೆ ಲಾಳಿಗೆ ಉಜ್ಜುವುದನ್ನು ಅವರು ಬಾಲ್ಯದಿಂದಲೇ ನೋಡಿರುತ್ತಾರೆ.

ಒಂದೆರಡು ವರ್ಷ ಬಳಸಿದ ಮೇಲೆ ಹುರಿಯ ಹೊರಗಿನ ಭಾಗ ಬಂಡೆ, ಜೊಂಡುಗಳಿಗೆ ಸವೆದು ನವಿರೇಳುತ್ತದೆ. ಒಳಗಿನ ಅರ್ಧ ನೀರನ್ನೇ ಕಂಡಿರುವುದಿಲ್ಲ. ಆಗ ಹೊಸದನ್ನು ಕೊಳ್ಳದೆ, ಎಲ್ಲವನ್ನೂ ಬೇರೊಂದು ಬುರುಡೆಗೆ ಒಮ್ಮೆ ಬಿಚ್ಚಿ ಸುತ್ತಿ, ಒಳಗಿನದನ್ನು ಹೊರಗೆ ತರುವುದುಂಟು. ರೇಷ್ಮೆಯ ಕಾಲದ ಗಾಳಗಾರರೂ ಹೀಗೆ ಮಾಡುತ್ತಿದ್ದರು. ಈ ಕೆಲಸಕ್ಕೆ ಉರುಳೆಯನ್ನು ಹಿಡಿಯಲು ಇನ್ನೊಬ್ಬರು ಬೇಕು. ಕಂಡಿಕೆಯ ಕೆಲಸದಲ್ಲಿ ಆಗುತ್ತಿದ್ದಂತೆಯೇ ಇದೂ ಸಾಮಾನ್ಯವಾಗಿ ಮನೆಯ ಮಕ್ಕಳ ಪಾಲಿಗೆ ಬೀಳುತ್ತದೆ, ಅವರು ಅರ್ಧದಲ್ಲಿಯೇ ಬೇಸತ್ತು ಎದ್ದುಹೋಗುತ್ತಾರೆ, ಉಳಿದರ್ಧ ಸಡಿಲವಾಗಿ ಕೂರುತ್ತದೆ.